ಫ್ರೇಮ್ ಕನೆಕ್ಟರ್‌ಗೆ ಮುಂಚೆ ಬಾಗಿಲು ನೋಡಿ

1960ರ ದಶಕದ ಫೋರ್ಡ್ ಮಸ್ಟ್ಯಾಂಗ್ ಕಾರಿಗೆ ಜೀಪಿನ ಹಾಗೆ ಬೇರೆ ಚಾಸಿ ಇಲ್ಲ. ಮುಂದಿನ, ಹಿಂದಿನ ರೈಲ್‌ಗಳ (ಬಾಡಿಯ ಕೆಳಗಿನ ಉದ್ದ ತೊಲೆಗಳ) ನಡುವೆ ಭಾರ ಹೊರುವುದು ಫ್ಲೋರು ಮತ್ತು ಬಾಗಿಲ ಕೆಳಗಿನ ರಾಕರ್ ಪ್ಯಾನೆಲ್. ಬಾಡಿ ಬಾಗದ ಹಾಗೆ ಈ ಎರಡೂ ರೈಲ್‌ಗಳನ್ನು ಜೋಡಿಸುವ ಪೈಪೇ ಫ್ರೇಮ್ ಕನೆಕ್ಟರ್. ಅದನ್ನು ಹಾಕಿಸುವ ಮುಂಚೆ ಒಂದು ಪರೀಕ್ಷೆ. ಮುಂದಿನ ಒಂದು ಮೂಲೆಗೆ ಜಾಕ್ ಕೊಟ್ಟು ಎತ್ತಿ, ಬಾಗಿಲು ತೆರೆದು ಮುಚ್ಚಿ ನೋಡಿ. ಸಂದು ಬದಲಾಗಿ ಲಾಕ್ ಉಜ್ಜಿದರೆ ಬಾಡಿ ಬಾಗುತ್ತಿದೆ ಅಂತ. ಹಿಂಜ್ ಸವೆದು ಹೀಗಾಗುತ್ತಿಲ್ಲ ತಾನೇ? ರಾಕರ್ ಕೆಳಗೆ ಸ್ಕ್ರೂಡ್ರೈವರಿಂದ ಕುಕ್ಕಿಯೂ ನೋಡಿ. ಒಳಗೆ ಇಳಿದರೆ ಮೊದಲು ತುಕ್ಕಿನ ರಿಪೇರಿ, ಕನೆಕ್ಟರ್ ಆಮೇಲೆ.

ವೆಲ್ಡ್ ಮಾಡಿಸುವುದಾದರೆ ಬ್ಯಾಟರಿ ಕಳಚಿಸಿ, ಗಾಡಿಯ ತೂಕ ಚಕ್ರಗಳ ಮೇಲೇ ಇರಲಿ. ಲಿಫ್ಟ್‌ನಲ್ಲಿ ನೇತಾಡಿದರೆ ಬಾಗಿದ ಆಕಾರವೇ ಖಾಯಂ! ಬೆಂಗಳೂರಿನ ಜೆ.ಸಿ. ರಸ್ತೆಯ ಗ್ಯಾರೇಜಿನಲ್ಲಿ ಯಾರಾದರೂ ಅವಸರ ಮಾಡಿದರೆ ಇದನ್ನೇ ಹೇಳಿ. ಕನೆಕ್ಟರ್ ಪೈಪು ಜಾಸ್ತಿ ಕೆಳಗಿಳಿದರೆ ನಮ್ಮ ಹಂಪ್‌ಗಳಿಗೆ ತಾಗುತ್ತೆ. ಭಾನುವಾರ ನಂದಿ ಬೆಟ್ಟಕ್ಕೆ ಹೋಗಿಬರುವ ಗಟ್ಟಿ ಕೂಪೆಗೆ (ಮುಚ್ಚಿದ ಚಾವಣಿಯ ಕಾರಿಗೆ) ಕನೆಕ್ಟರ್ ಸುಮ್ನೆ ಖರ್ಚು.