ಹಗ್ಗ ಕಟ್ಟಿ ಕಲಿಸಿದ ಇಂಗ್ಲಿಷ್ ನುಡಿಗಟ್ಟುಗಳು: ನನ್ನ ಅನುಭವ

ಕನ್ನಡ ಮಾಧ್ಯಮದಿಂದ ಬಂದ ಪಿಯುಸಿ ಮಕ್ಕಳಿಗೆ ಇಂಗ್ಲಿಷ್ ನುಡಿಗಟ್ಟುಗಳು ಒಗ್ಗುವುದಿಲ್ಲ, ಪರೀಕ್ಷೆಯ ಮಟ್ಟಿಗೆ ಬಾಯಿಪಾಠ ಮಾಡಿಸಿದರೆ ಸಾಕು ಎಂದು ಜೊತೆಯ ಉಪನ್ಯಾಸಕರು ಹೇಳುತ್ತಲೇ ಬಂದಿದ್ದರು. ಆ ಮಾತು ಸರಿಯಲ್ಲವೆಂಬುದು ನನ್ನ ಸಂಜೆ ತರಗತಿಯಲ್ಲಿ ಈಗ ಖಚಿತವಾಗಿರುವುದರಿಂದ ಇದನ್ನು ಬರೆಯುತ್ತಿದ್ದೇನೆ.

ಮೊದಲ ವರ್ಷ ನಾನೂ ಸುಮಾರು 200 ನುಡಿಗಟ್ಟುಗಳನ್ನು ಅರ್ಥಸಹಿತ ಜೆರಾಕ್ಸ್ ಮಾಡಿಸಿ ಹಂಚಿದೆ. ಅದಕ್ಕೆ 1,800 ರೂಪಾಯಿಯಷ್ಟು ಖರ್ಚಾಯಿತು. ಅರ್ಥವನ್ನು ಎಲ್ಲರೂ ಒಪ್ಪಿಸಿದರು. ಸ್ವಂತ ವಾಕ್ಯ ಬರೆಯಿರಿ ಎಂದಾಗ ಒಬ್ಬ ಹುಡುಗಿ, ಕರೆಂಟು ಹೋದ ರಾತ್ರಿ ಅಜ್ಜಿ ಬುಡ್ಡಿದೀಪ ಹಚ್ಚಿದ್ದನ್ನು ‘ಬರ್ನ್ ದ ಮಿಡ್‌ನೈಟ್ ಆಯಿಲ್’ ಎಂದು ಬರೆದಳು. ನಿದ್ದೆಗೆಟ್ಟು ಓದುವವರ ದೀಪದೆಣ್ಣೆ ಅದು, 1635ರಷ್ಟು ಹಿಂದೆಯೇ ಫ್ರಾನ್ಸಿಸ್ ಕ್ವಾರ್ಲ್ಸ್ ಎಂಬ ಕವಿಯ ಪದ್ಯದಲ್ಲಿ ಹಗಲಿನ ಬೆವರಿನ ಜೊತೆಗೆ ಬಂದದ್ದು ಎಂದು ನಾನು ಹೇಳಿಕೊಟ್ಟಿರಲಿಲ್ಲ. ಮರುವರ್ಷ ಸುಮಾರು 4,500 ರೂಪಾಯಿ ಹಾಕಿ ಬಣ್ಣದ ಚಿತ್ರಗಳ ಕಾರ್ಡುಗಳನ್ನು ಲ್ಯಾಮಿನೇಟ್ ಮಾಡಿಸಿದೆ. ಮಕ್ಕಳಿಗೆ ಚಿತ್ರ ನೆನಪುಳಿಯಿತು, ಮಾತು ಉಳಿಯಲಿಲ್ಲ. ಆ ಹಣ ನೀರಿಗೆ ಹಾಕಿದಂತಾಯಿತು.

ಕೊನೆಗೆ ಕೈಹಿಡಿದದ್ದು ಮನೆಯ ಬಾವಿಯ ಹಳೆಯ ಹಗ್ಗ. ‘ಲರ್ನ್ ದ ರೋಪ್ಸ್’, ಅಂದರೆ ಹೊಸ ಕೆಲಸದ ಒಳಹೊರಗು ಕಲಿಯುವುದು ಎಂಬುದು ಹಾಯಿಹಡಗಿನ ಮಾತು. ಹಾಯಿ ಏರಿಸುವುದಕ್ಕೆ, ಇಳಿಸುವುದಕ್ಕೆ, ತಿರುಗಿಸುವುದಕ್ಕೆ ಬೇರೆ ಬೇರೆ ಹಗ್ಗಗಳಿದ್ದು, ಕತ್ತಲಲ್ಲೂ ಯಾವುದನ್ನು ಎಳೆಯಬೇಕೆಂಬುದು ಹೊಸ ನಾವಿಕನ ಕೈಗೆ ತಿಳಿಯಬೇಕಿತ್ತು. ಹಗ್ಗವನ್ನು ಎಂಟು ತುಂಡು ಮಾಡಿ, ಕಿಟಕಿಯ ಸರಳುಗಳಿಗೆ ಕಟ್ಟಿ, ಒಂದೊಂದಕ್ಕೂ ಹೆಸರಿಟ್ಟು, ದೀಪ ಆರಿಸಿ ಹೆಸರು ಕೂಗಿದೆ. ಮೂರು ಸಂಜೆ ತಪ್ಪು ಹಗ್ಗವನ್ನೇ ಎಳೆದ ಹುಡುಗನೊಬ್ಬ ನಾಲ್ಕನೆಯ ಸಂಜೆ ತಡವರಿಸದೆ ಸರಿಯಾದದ್ದನ್ನು ಹಿಡಿದ. ನಿನಗೆ ಹೀಗೆ ಬೇರೆಲ್ಲಿ ಆಗಿತ್ತು ಎಂದು ಕೇಳಿದಾಗ, ಮಾವನ ಗ್ಯಾರೇಜಿನಲ್ಲಿ ಸ್ಪ್ಯಾನರುಗಳ ನಂಬರು ತಿಳಿಯದೆ ಬೈಸಿಕೊಂಡ ಮೊದಲ ತಿಂಗಳನ್ನು ನೆನೆದು, ಅದನ್ನೇ ಇಂಗ್ಲಿಷಿನಲ್ಲಿ ಆ ನುಡಿಗಟ್ಟು ಹಾಕಿ ಹೇಳಿದ. ಭರ್ಜರಿಯಾಗಿ ಗೆಲ್ಲುವುದಕ್ಕೆ ಹೇಳುವ ‘ವಿತ್ ಫ್ಲೈಯಿಂಗ್ ಕಲರ್ಸ್’ ಅದಕ್ಕಿಂತ ಬೇಗ ಹತ್ತಿತು, ಏಕೆಂದರೆ ಇಲ್ಲಿನ ‘ಕಲರ್ಸ್’ ಗೆದ್ದ ಹಡಗು ಹಾರಿಸಿಕೊಂಡು ಬರುವ ಬಾವುಟ ಎಂದೊಡನೆ ಎಲ್ಲವೂ ತಿಳಿಯಾಯಿತು.

ನಡುವೆ ಎರಡು ಸಂಜೆ ಈ ಕ್ರಮವನ್ನೇ ತಿರುಗಿಸಿ ನೋಡಿದೆ. ‘ವ್ಯಾಕರಣವನ್ನು ಅರೆದು ಕುಡಿದಿದ್ದಾನೆ’, ‘ಪುಸ್ತಕದ ಬದನೆಕಾಯಿ’ ಎಂಬ ನಮ್ಮ ಮಾತುಗಳನ್ನು ಪದಕ್ಕೆ ಪದವಿಟ್ಟು ಇಂಗ್ಲಿಷಿಗೆ ತರಲು ಹೇಳಿದೆ. ಅರ್ಥ ಕೆಟ್ಟುಹೋದದ್ದನ್ನು ಕಂಡ ಮೇಲೆ, ಇಂಗ್ಲಿಷ್ ನುಡಿಗಟ್ಟನ್ನೂ ಹಾಗೆ ಬಿಡಿಸುವ ಚಾಳಿ ತಾನಾಗಿಯೇ ಕಡಿಮೆಯಾಯಿತು.

ನಲವತ್ತರಷ್ಟು ಮಕ್ಕಳಲ್ಲಿ ಹಿಂದೆ ಐದಾರು ಮಂದಿ ಸರಿಯಾಗಿ ಬಳಸುತ್ತಿದ್ದರು; ಈಗ ನನ್ನ ಲೆಕ್ಕದಲ್ಲಿ ಮೂವತ್ತಕ್ಕೆ ಕಡಿಮೆಯಿಲ್ಲ. ಒಂದು ಅವಧಿಗೆ ಹನ್ನೆರಡಕ್ಕಿಂತ ಹೆಚ್ಚು ನುಡಿಗಟ್ಟುಗಳನ್ನು ನಾನು ಮುಟ್ಟುವುದಿಲ್ಲ. ಯಾವುದರ ನಂತರ ಯಾವುದು ಬರಬೇಕೆಂಬ ಕ್ರಮ ಮೂರು ವರ್ಷದ ದುಡಿಮೆಯಿಂದ ದಕ್ಕಿದ್ದು, ಅದನ್ನು ಸದ್ಯಕ್ಕೆ ನನ್ನಲ್ಲೇ ಇಟ್ಟುಕೊಂಡಿದ್ದೇನೆ.

ಇನ್ನೂ ಹಿಡಿತಕ್ಕೆ ಬಾರದಿರುವುದು ‘ಕಟ್ ಯುವರ್ ಟೀತ್’. ಕೂಸಿಗೆ ಹಲ್ಲು ಮೂಡುವುದರಿಂದ ಬಂದ ಈ ಮಾತಿಗೆ ಒಂದು ಕೆಲಸದಲ್ಲಿ ಮೊದಲ ಅನುಭವ ಪಡೆಯುವುದೆಂದು ಅರ್ಥ; ಹಲ್ಲು ಕತ್ತರಿಸುವುದೆಂದೇ ಮಕ್ಕಳು ತಿಳಿಯುತ್ತಾರೆ. ಮನೆಯಲ್ಲಿ ಹಲ್ಲು ಮೂಡುತ್ತಿರುವ ಕೂಸಿರುವ ಇಬ್ಬರು ವಿದ್ಯಾರ್ಥಿನಿಯರಿಗೆ, ಅದು ಏನನ್ನೆಲ್ಲ ಕಚ್ಚುತ್ತದೆಂದು ದಿನವೂ ಬರೆದು ತರಲು ಈ ವಾರ ಹೇಳಿದ್ದೇನೆ.