ಅಪ್‌ಡೇಟ್ ಆದಮ್ಯಾಲೆ ಸಿಸ್ಟಮ್ ಬೂಟ್ ಆಗವಲ್ದು? ಲಗೂನ ಫಾರ್ಮ್ಯಾಟ್ ಹೊಡಸಬ್ಯಾಡ್ರಿ

ನಿನ್ನೆ ಸಂಜಿತನಕ ಚೊಲೋ ಇದ್ದ ಸಿಸ್ಟಮ್, ಮುಂಜಾನೆ ಆನ್ ಮಾಡಿದ್ರ ಲೋಗೋ ಬಂದು ಚಕ್ರ ತಿರಗಕೋತ ಕುಂದರ್ತೈತಿ, ಇಲ್ಲಾ ನೀಲಿ ಸ್ಕ್ರೀನ್ ಬಂದು ರೀಸ್ಟಾರ್ಟ್, ಮತ್ತ ನೀಲಿ. ಹುಬ್ಬಳ್ಯಾಗ ರಿಪೇರಿಗೆ ಒಯ್ದ್ರ ಭಾಳ ಕಡೆ ಮೊದಲ ಮಾತ "ವಿಂಡೋಸ್ ಹೊಡೀಬೇಕ್ರಿ". ಅವರಿಗೆ ಅದು ಸಲೀಸು ಕೆಲಸ, ಆದ್ರ ನುಡಿ, ಪೇಜ್‌ಮೇಕರ್, ಟ್ಯಾಲಿ, ಪ್ರಿಂಟರ್ ಡ್ರೈವರ್ ಎಲ್ಲಾ ಮೊದಲಿಂದ ಹಾಕ್ಕೋತ ಕುಂದ್ರೋರು ನೀವು. ಗದಗಿನ್ಯಾಗ ಪ್ರೆಸ್ ಇಟ್ಟೋರ್ನ ಕೇಳ್ರಿ, ಲಗ್ನದ ಸೀಜನ್‌ದಾಗ ಡೆಸ್ಕ್‌ಟಾಪ್ ಮ್ಯಾಲ ಇಟ್ಟಿದ್ದ ಕಾರ್ಡಿನ ಫೈಲ್ ಅಳಿಸಿ ಹೋದ್ರ ಏನಾಕ್ಕೈತಿ ಅಂತ.

ಲೋಗೋತನಕ ಬರ್ತೈತಿ ಅಂದ್ರ ರ್‍ಯಾಮ್ ತಗದು ರಬ್ಬರ್‌ಲೆ ತಿಕ್ಕೋದು ಈಗ ಬ್ಯಾಡ. ಕಡೀಗೆ ಏನ್ ಬದಲಾತು ಅನ್ನೋದ ನೆನಪ ಮಾಡ್ಕೋರಿ: ಅಪ್‌ಡೇಟ್ ಬಂತಾ, ಗ್ರಾಫಿಕ್ಸ್ ಡ್ರೈವರ್ ಹಾಕಿದ್ರಾ, ಹೊಸ ಆಂಟಿವೈರಸ್ಸಾ, ಯಾರರ ಬಯೋಸ್‌ದಾಗ (ವಿಂಡೋಸ್ ಏಳೋಕ್ಕಿಂತ ಮೊದಲ ಬರೋ ಸೆಟ್ಟಿಂಗ್ ಸ್ಕ್ರೀನ್) ಕೈ ಆಡಿಸಿದ್ರಾ? ಆ ಒಂದನ್ನ ವಾಪಸ್ ತಗದ್ರ ಭಾಳ ಸಲ ಅಲ್ಲಿಗೇ ಮುಗೀತೈತಿ. ಮತ್ತ ಇನ್ನೊಂದು, ಅಪ್‌ಡೇಟ್ ಪರ್ಸೆಂಟೇಜ್ ನಿಂತಂಗ ಕಂಡ್ರೂ ಹಾರ್ಡ್‌ಡಿಸ್ಕ್ ಲೈಟ್ ಮಿಣಕ್ ಮಿಣಕ್ ಅಂತಿದ್ರ ಒಂದೆರಡು ತಾಸು ಬಿಡ್ರಿ, ನಡುವ ಕರೆಂಟ್ ಹೋಗೋ ಊರಿನ್ಯಾಗ ಯುಪಿಎಸ್ ಇಲ್ದ ದೊಡ್ಡ ಅಪ್‌ಡೇಟ್‌ಗೆ ಕೈ ಹಾಕೋದ ತಪ್ಪು.

ಈಗ ರಿಪೇರಿ ಮೆನು ತರಿಸಬೇಕು. ಎಫ್8 ಒತ್ತೋ ಕಾಲ ಹೋತು, ವಿಂಡೋಸ್ 10, 11ರಾಗ ಅದು ಸುಮ್ನ ಕೆಲಸ ಮಾಡಂಗಿಲ್ಲ. ಆನ್ ಮಾಡ್ರಿ, ಲೋಗೋ ಬಂದ ಕೂಡ್ಲೆ ಪವರ್ ಬಟನ್ 10 ಸೆಕೆಂಡ್ ಒತ್ತಿ ಹಿಡದು ಬಂದ್ ಮಾಡ್ರಿ, ಹಿಂಗ ಎರಡು-ಮೂರು ಸಲ ಮಾಡಿ ಆಮ್ಯಾಲೆ ಬಿಟ್ರ ತಾನ ಆಟೋಮ್ಯಾಟಿಕ್ ರಿಪೇರಿ ಅಂತ ಬರ್ತೈತಿ. ಅದರಾಗ ಟ್ರಬಲ್‌ಶೂಟ್, ಆಮ್ಯಾಲೆ ಅಡ್ವಾನ್ಸ್ಡ್ ಆಪ್ಷನ್ಸ್ ಆರಿಸ್ರಿ.

ಇಲ್ಲೆ ಭಾಳ ಮಂದಿ ಸಿಕ್ಕೊಳ್ಳೋದು ಬಿಟ್‌ಲಾಕರ್‌ಗೆ, ಅಂದ್ರ ವಿಂಡೋಸ್ ಡಿಸ್ಕಿಗೆ ಹಾಕೋ ಬೀಗಕ್ಕ. ಹೊಸ ಲ್ಯಾಪ್‌ಟಾಪ್‌ದಾಗ ಮೈಕ್ರೋಸಾಫ್ಟ್ ಅಕೌಂಟ್ ಹಾಕಿ ಲಾಗಿನ್ ಆಗಿದ್ರ ನಿಮಗ ಗೊತ್ತಿಲ್ಲದನ ಡಿಸ್ಕ್ ಲಾಕ್ ಆಗಿರ್ತೈತಿ, 48 ಅಂಕಿ ಕೀ ಕೇಳ್ತೈತಿ. ಗಾಬರಿ ಆಗಬ್ಯಾಡ್ರಿ, ಮೊಬೈಲ್‌ದಾಗ ಅದ ಅಕೌಂಟಿಗೆ ಹೋಗಿ ಡಿವೈಸಸ್ ಒಳಗ ನೋಡ್ರಿ, ಬಿಟ್‌ಲಾಕರ್ ಕೀ ಸಾಮಾನ್ಯ ಅಲ್ಲೆ ಇರ್ತೈತಿ. ಲ್ಯಾಪ್‌ಟಾಪ್ ಕೊಂಡಾಗ ಅಂಗಡಿಯವ ತನ್ನ ಮೇಲ್ ಐಡಿ ಹಾಕಿ ಕೊಟ್ಟಿದ್ರ ಮಾತ್ರ ಅವನ ಬೆನ್ನ ಹತ್ತಬೇಕು.

ಕೀ ಕೈಯಾಗ ಬಂತು ಅಂದ್ರ ಮೊದಲು ಫೈಲ್ ಉಳಿಸ್ಕೋರಿ, ರಿಪೇರಿ ಆಮ್ಯಾಲೆ. ಅಡ್ವಾನ್ಸ್ಡ್ ಆಪ್ಷನ್ಸ್‌ದಾಗ ಕಮಾಂಡ್ ಪ್ರಾಂಪ್ಟ್ ತಗದು ನೋಟ್‌ಪ್ಯಾಡ್ ಅಂತ ಇಂಗ್ಲಿಷಿನ್ಯಾಗ ಟೈಪ್ ಮಾಡಿ ಎಂಟರ್ ಹೊಡೀರಿ, ಫೈಲ್ ಮೆನುದಾಗ ಓಪನ್, ಕೆಳಗ ಟೆಕ್ಸ್ಟ್ ಡಾಕ್ಯುಮೆಂಟ್ಸ್ ಇದ್ದದ್ದನ್ನ ಆಲ್ ಫೈಲ್ಸ್ ಮಾಡ್ರಿ, ಆತು, ನಿಮ್ಮ ಡ್ರೈವ್ ಎಲ್ಲಾ ಕಾಣ್ತಾವ, ರೈಟ್ ಕ್ಲಿಕ್ ಮಾಡಿ ಕಾಪಿ, ಪೆನ್‌ಡ್ರೈವ್‌ದಾಗ ಪೇಸ್ಟ್. ಸಿ ಡ್ರೈವ್ ಇಲ್ಲೆ ಡಿ ಅಂತ ತೋರಿಸ್ಬಹುದು, ಯೂಸರ್ಸ್ ಫೋಲ್ಡರ್ ಎದರಾಗ ಐತಿ ನೋಡಿ ಗುರ್ತ ಹಿಡೀರಿ. ಕಾಪಿ ಆಗೋತನಕ ಪಟ್ಟಿ ಗಿಟ್ಟಿ ಏನೂ ತೋರಿಸಂಗಿಲ್ಲ, ಹ್ಯಾಂಗ್ ಆದಂಗ ಕುಂದರ್ತೈತಿ, ಸುಮ್ನ ಚಾ ಕುಡದ್ ಬರ್ರಿ.

ಇನ್ನ ರಿಪೇರಿ. ಅಪ್‌ಡೇಟಿಂದ ಆಗಿದ್ರ ಅನ್‌ಇನ್‌ಸ್ಟಾಲ್ ಅಪ್‌ಡೇಟ್ಸ್ ಒಳಗ ಕ್ವಾಲಿಟಿ ಅಪ್‌ಡೇಟ್ ತಗೀರಿ, ಅದು ತಿಂಗಳಾ ಬರೋದು, 10ರಿಂದ 11ಕ್ಕ ಏರಿಸಿದ್ದ್ರ ಫೀಚರ್ ಅಪ್‌ಡೇಟ್, ಇದಕ್ಕ ಸಾಮಾನ್ಯ 10 ದಿನದ ಗಡುವು. ಡ್ರೈವರ್ ಇಲ್ಲಾ ಆಂಟಿವೈರಸ್ ಮ್ಯಾಲ ಸಂಶಯ ಇದ್ರ ಸ್ಟಾರ್ಟ್ಅಪ್ ಸೆಟ್ಟಿಂಗ್ಸ್, ರೀಸ್ಟಾರ್ಟ್ ಆದಮ್ಯಾಲೆ 4 ಒತ್ತಿದ್ರ ಸೇಫ್ ಮೋಡ್ (ಬೇಕಾದಷ್ಟ ಡ್ರೈವರ್ ಹಾಕ್ಕೊಂಡು ವಿಂಡೋಸ್ ಏಳೋ ರೀತಿ), ಅದರಾಗ ಡಿವೈಸ್ ಮ್ಯಾನೇಜರ್‌ಗೆ ಹೋಗಿ ರೋಲ್ ಬ್ಯಾಕ್ ಡ್ರೈವರ್. 2024ರ ಜುಲೈ 19ಕ್ಕ ಕ್ರೌಡ್‌ಸ್ಟ್ರೈಕ್ ಅನ್ನೋ ಸೆಕ್ಯುರಿಟಿ ಸಾಫ್ಟ್‌ವೇರ್ ಕಂಪನಿ ಅಪ್‌ಡೇಟಿಂದ ಜಗತ್ತಿನ್ಯಾಗ ಸುಮಾರು 85 ಲಕ್ಷ ವಿಂಡೋಸ್ ಸಿಸ್ಟಮ್ ಮಲಗಿದ್ವಲ್ಲ, ಅವಕ್ಕೂ ಮದ್ದು ಇದ ಇತ್ತು, ಸೇಫ್ ಮೋಡ್‌ಗೆ ಹೋಗಿ ಒಂದು ಫೈಲ್ ಡಿಲೀಟ್ ಮಾಡೋದು. ಫಾರ್ಮ್ಯಾಟ್ ಅಲ್ಲ!

ವಿಂಡೋಸ್ 10ರ ಸಪೋರ್ಟ್ 2025ರ ಅಕ್ಟೋಬರ್ 14ಕ್ಕ ಮುಗದಮ್ಯಾಲೆ 11 ಹಾಕಬೇಕಂತ ಬಯೋಸ್‌ದಾಗ ಬೂಟ್ ಆಗೋ ರೀತಿ ಲೆಗಸಿ (ಹಳೇದು) ಇದ್ದದ್ದನ್ನ ಯುಇಎಫ್‌ಐ (ಹೊಸದು) ಮಾಡಿ "ಬೂಟ್ ಡಿವೈಸ್ ಇಲ್ಲ" ಅನಿಸ್ಕೊಂಡೋರು ಅದಾರ. ಡಿಸ್ಕ್ ಹಾಳಾಗಿಲ್ರಿ, ಮೊದಲ ಹೆಂಗಿತ್ತೋ ಹಂಗ ಲೆಗಸಿ ಮಾಡ್ರಿ, ಬೂಟ್ ಆಕ್ಕೈತಿ. ವಿಂಡೋಸ್ ಬದಲಿ ಉಬುಂಟು ಲಿನಕ್ಸ್ ಇದ್ದೋರಿಗೆ ಇನ್ನೂ ಸಲೀಸು, ಆನ್ ಆಗೋವಾಗ ಎಸ್ಕೇಪ್ ಒತ್ತಿ ಗ್ರಬ್ ಅನ್ನೋ ಬೂಟ್ ಮೆನು ತರಿಸಿ ಅಡ್ವಾನ್ಸ್ಡ್ ಆಪ್ಷನ್ಸ್‌ದಾಗ ಹಳೇ ಕರ್ನಲ್ (ಸಿಸ್ಟಮ್‌ದ ಮೂಲ ಭಾಗ) ಆರಿಸ್ರಿ.

ಇಷ್ಟಕ್ಕೂ ಏಳಲಿಲ್ಲಂದ್ರ ರೀಸೆಟ್ ದಿಸ್ ಪಿಸಿ, ಕೀಪ್ ಮೈ ಫೈಲ್ಸ್. ಫೈಲ್ ಉಳೀತಾವ ಖರೆ, ಸಾಫ್ಟ್‌ವೇರ್ ಅಳಿಸಿ ಹೋಗ್ತಾವ.

ಅಪ್‌ಡೇಟ್ ತಗದು ಸಿಸ್ಟಮ್ ಎದ್ದ ಕೂಡ್ಲೆ ಮೊದಲು ಸೆಟ್ಟಿಂಗ್ಸ್‌ಗೆ ಹೋಗಿ ಅಪ್‌ಡೇಟ್ ಪಾಜ್ (Pause) ಮಾಡ್ರಿ, ಐದು ವಾರದತನಕ ನಿಲ್ಲಿಸಬಹುದು, ಇಲ್ಲಾಂದ್ರ ರಾತ್ರಿ ಅದನ್ನ ತಿರಗಿ ಹಾಕ್ಕೊಂಡು ಮುಂಜಾನೆ ಮತ್ತ ಅದ ನೀಲಿ ಸ್ಕ್ರೀನ್.