ಎರಡು ಎಕರೆಯಲ್ಲಿ ಹತ್ತು ಮೇಕೆ: ಲೆಕ್ಕ ಶುರುವಾಗಬೇಕಾದ್ದು ಬೇಸಿಗೆಯಿಂದ

ಆಡು ಮುಟ್ಟದ ಸೊಪ್ಪಿಲ್ಲ ಅನ್ನುವುದನ್ನು ನಂಬಿ ಆಗಸ್ಟ್‌ನಲ್ಲಿ ಮೇಕೆ ತಂದವರು ಮಾರ್ಚ್‌ನಲ್ಲಿ ಸೊಪ್ಪಿಗಾಗಿ ಊರೆಲ್ಲ ಸುತ್ತುತ್ತಾರೆ. ಗಾದೆ ಸುಳ್ಳಲ್ಲ, ಆಡು ಎಲ್ಲವನ್ನೂ ಮುಟ್ಟುತ್ತದೆ. ಆದರೆ ಮುಟ್ಟಿ ಬಿಡುವುದೇ ಹೆಚ್ಚು. ನೆಲಕ್ಕೆ ಬಿದ್ದು ಕಾಲಿಗೆ ಸಿಕ್ಕ ಮೇವನ್ನಂತೂ ಮೂಸಿ ಮುಂದೆ ಹೋಗುತ್ತದೆ. ತುಮಕೂರು, ಚಿತ್ರದುರ್ಗ, ಕೊಪ್ಪಳದಂಥ ಬಯಲುಸೀಮೆಯಲ್ಲಿ ಎರಡು ಎಕರೆ ಖುಷ್ಕಿ, ಸಣ್ಣಗೆ ನೀರು ಬರುವ ಒಂದು ಬೋರು ಇರುವವರು ಎಷ್ಟು ಮೇಕೆ ಕಟ್ಟಬಹುದು ಎಂಬುದನ್ನು ಮಳೆಗಾಲದ ಹಸಿರು ನೋಡಿ ತೀರ್ಮಾನಿಸಬಾರದು. ಏಪ್ರಿಲ್‌ನಲ್ಲಿ ಕೈಗೆ ಸಿಗುವ ಮೇವೇ ಅಳತೆ. ಇಲ್ಲಿ ಹಾಕಿರುವ ಲೆಕ್ಕ ಹತ್ತು ಹೆಣ್ಣು, ಒಂದು ಹೋತ ಮತ್ತು ಅವುಗಳ ಮರಿಗಳದ್ದು.

ಮೇವು

35 ಕೆ.ಜಿ. ತೂಗುವ ಮೇಕೆಗೆ ದಿನಕ್ಕೆ, ನೀರಿನಂಶ ಕಳೆದು, ಸುಮಾರು 1.2ರಿಂದ 1.4 ಕೆ.ಜಿ. ಮೇವು ಬೇಕು. ಬೇಸಿಗೆಯಲ್ಲಿ ಇದನ್ನು ಹೀಗೆ ಹಂಚಬಹುದು: ಹಸಿ ಸೊಪ್ಪು 2 ಕೆ.ಜಿ., ಒಣ ಮೇವು ಮುಕ್ಕಾಲು ಕೆ.ಜಿ., ಕೈತಿಂಡಿ 150ರಿಂದ 200 ಗ್ರಾಂ. ದೊಡ್ಡವು 11, ಮರಿಗಳೆಲ್ಲ ಸೇರಿ ನಾಲ್ಕು ದೊಡ್ಡವಕ್ಕೆ ಸಮ ಎಂದಿಟ್ಟುಕೊಂಡರೆ ಒಟ್ಟು 15 ಬಾಯಿ. ಫೆಬ್ರವರಿ ಮಧ್ಯದಿಂದ ಜೂನ್ ಮಧ್ಯದವರೆಗೆ 120 ದಿನಕ್ಕೆ ಒಣ ಮೇವೇ 1,350 ಕೆ.ಜಿ. ಆಯಿತು. ಚೆಲ್ಲಿ ಹಾಳು ಮಾಡುವುದನ್ನೂ ಸೇರಿಸಿ 1,700 ಕೆ.ಜಿ. ಕೂಡಿಡಿ. ಶೇಂಗಾ ಬಳ್ಳಿ, ತೊಗರಿ ಹೊಟ್ಟು, ಹುರುಳಿ ಹೊಟ್ಟು ಮೇಕೆಗೆ ಇಷ್ಟ. ರಾಗಿ ಹುಲ್ಲನ್ನು ಕತ್ತರಿಸಿ ಹಾಕಿದರೂ ಅರ್ಧ ಬಿಡುತ್ತದೆ, ಅದು ಹಸುವಿನ ಮೇವು. ಸ್ವಂತ ಹೊಟ್ಟು ಸಾಲದಿದ್ದರೆ ಜನವರಿಯಲ್ಲಿ ಕಣದಲ್ಲೇ ಕೊಳ್ಳಿ. ಮಳೆಗೆ ನೆನೆದು ಬೂಷ್ಟು ಹಿಡಿದ ಶೇಂಗಾ ಬಳ್ಳಿಯನ್ನು ಪುಕ್ಕಟೆ ಕೊಟ್ಟರೂ ತರಬೇಡಿ. ಆ ಬೂಷ್ಟಿನ ವಿಷ ಈಲಿಯನ್ನು ಕೆಡಿಸುತ್ತದೆ, ಗಬ್ಬದ ಮೇಕೆ ಕಂದು ಹಾಕಬಹುದು.

ದಿನಕ್ಕೆ 30 ಕೆ.ಜಿ. ಹಸಿ ಸೊಪ್ಪು ಬರಬೇಕಾದ್ದು ಬೇಲಿಯಿಂದ. ಎರಡು ಎಕರೆ ಚೌಕದ ಸುತ್ತಳತೆ ಸುಮಾರು 360 ಮೀಟರ್, ಅಂದರೆ 1,180 ಅಡಿ. ಎರಡು ಸಾಲು ಮಾಡಿ ಮೂರಡಿಗೊಂದರಂತೆ ನೆಟ್ಟರೆ 780 ಗಿಡ ಹಿಡಿಯುತ್ತದೆ. ಒಂದು ಗಿಡವನ್ನು 70 ದಿನಕ್ಕೊಮ್ಮೆ ಕಡಿದು ಎರಡೂವರೆ ಕೆ.ಜಿ.ಗಿಂತ ಸ್ವಲ್ಪ ಹೆಚ್ಚು ಸೊಪ್ಪು ಸಿಕ್ಕರೆ ಲೆಕ್ಕ ಸರಿಹೋಗುತ್ತದೆ. ಬೇಸಿಗೆಯಲ್ಲಿ ಅಷ್ಟು ಸಿಗಬೇಕಾದರೆ ಬೋರಿನ ನೀರು ವಾರಕ್ಕೊಮ್ಮೆಯಾದರೂ ಈ ಸಾಲಿಗೆ ಹರಿಯಬೇಕು.

ಹೊರಸಾಲಿಗೆ ಗ್ಲಿರಿಸಿಡಿಯಾ. ಮೊದಲ ಮಳೆಗೆ ನಾಲ್ಕೈದು ಅಡಿ ಉದ್ದದ, ಹೆಬ್ಬೆರಳಿಗಿಂತ ದಪ್ಪನೆಯ ಬಲಿತ ಕಡ್ಡಿ ಊರಿದರೆ ಸಾಕು. ಹಸಿ ಸೊಪ್ಪಿನ ವಾಸನೆಗೆ ಮೇಕೆ ಮೂತಿ ತಿರುಗಿಸುತ್ತದೆ. ಸಂಜೆ ಕಡಿದು ರಾತ್ರಿಯೆಲ್ಲ ಬಾಡಿಸಿ ಬೆಳಿಗ್ಗೆ ಕಟ್ಟಿದರೆ ತಿನ್ನುತ್ತದೆ. ಒಳಸಾಲಿಗೆ ಸುಬಾಬುಲ್, ನುಗ್ಗೆ, ಚೊಗಚೆ ಬೆರೆಸಿ ನೆಡಿ. ಚೊಗಚೆಯನ್ನು ಕೆಲವೆಡೆ ಅಗಸೆ ಮರ ಅನ್ನುತ್ತಾರೆ, ಎಣ್ಣೆಕಾಳಿನ ಅಗಸೆ ಬೇರೆ. ಸುಬಾಬುಲ್ ಒಟ್ಟು ಸೊಪ್ಪಿನ ಮೂರನೇ ಒಂದು ಭಾಗ ದಾಟಬಾರದು. ಅದರಲ್ಲಿರುವ ಮೈಮೋಸಿನ್ ಹೆಚ್ಚಾದರೆ ಕೂದಲು ಉದುರುತ್ತದೆ. ಚೊಗಚೆಯನ್ನು ಬೋಳು ಮಾಡಿದರೆ ಸತ್ತೇ ಹೋಗುತ್ತದೆ, ತುದಿಯಲ್ಲಿ ಒಂದಷ್ಟು ಎಲೆ ಬಿಟ್ಟು ಸವರಬೇಕು. ಗ್ಲಿರಿಸಿಡಿಯಾ, ಸುಬಾಬುಲ್‌ಗಳನ್ನು ಮೂರಡಿ ಎತ್ತರಕ್ಕೆ ಕಡಿದರೂ ಚಿಗುರುತ್ತವೆ. ಗಿಡ ನೆಟ್ಟು ಒಂದು ವರ್ಷ ಆಗುವವರೆಗೆ ಮೇಕೆ ತರಬೇಡಿ. ಈ ಒಂದು ಮಾತನ್ನು ಯಾರೂ ಕೇಳುವುದಿಲ್ಲ.

ಬೇಲಿಯಲ್ಲಿ ಕಣಗಿಲೆ ಇದ್ದರೆ ಬುಡಸಮೇತ ಕಿತ್ತು ಸುಡದೆ ಹೂತುಬಿಡಿ, ಕೆಲವೇ ಎಲೆ ಸಾಕು ಮೇಕೆ ಸಾಯಲು. ಕೂಳೆ ಜೋಳ, ಮಳೆಯಿಲ್ಲದೆ ಮುರುಟಿದ ಜೋಳ, ಮೊಣಕಾಲೆತ್ತರದ ಎಳೆ ಜೋಳದಲ್ಲಿ ಸಯನೈಡ್ ಇರುತ್ತದೆ. ತಿಂದ ಸ್ವಲ್ಪ ಹೊತ್ತಿಗೇ ಮೇಕೆ ತತ್ತರಿಸಿ ಬೀಳುತ್ತದೆ. ಜೋಳ ಹೂ ಬಿಟ್ಟ ಮೇಲೆ ಕೊಯ್ದು ಹಾಕಿ.

ಕೈತಿಂಡಿ ಮನೆಯಲ್ಲೇ ಬೆರೆಸುವುದಾದರೆ 100 ಕೆ.ಜಿ.ಗೆ ಮುಸುಕಿನ ಜೋಳದ ನುಚ್ಚು 40, ಗೋಧಿ ಬೂಸಾ 32, ಶೇಂಗಾ ಹಿಂಡಿ 25, ಖನಿಜ ಮಿಶ್ರಣ 2, ಉಪ್ಪು 1. ಚೀಲವನ್ನು ಮೇಕೆಯ ಮೂತಿಗೆ ಸಿಗದ ಕಡೆ, ಬಾಗಿಲು ಹಾಕಿ ಇಡಿ. ಅಗುಳಿ ತೆಗೆಯುವುದನ್ನು ಮೇಕೆ ಎರಡೇ ದಿನದಲ್ಲಿ ಕಲಿಯುತ್ತದೆ. ಒಂದೇ ಸಲಕ್ಕೆ ಎರಡು ಕೆ.ಜಿ. ಕಾಳು ತಿಂದ ಮೇಕೆಯ ಹೊಟ್ಟೆ ಹುಳಿಯಾಗಿ, ಮರುದಿನ ನೀರಿನಂತೆ ಭೇದಿಯಾಗಿ, ಹಲ್ಲು ಕಡಿಯುತ್ತಾ ಮಲಗುತ್ತದೆ. ತಿಂದದ್ದು ಗೊತ್ತಾದ ತಕ್ಷಣ ಕೆ.ಜಿ. ತೂಕಕ್ಕೆ ಒಂದು ಗ್ರಾಂನಂತೆ ಅಡುಗೆ ಸೋಡ ನೀರಲ್ಲಿ ಕರಗಿಸಿ ಕುಡಿಸಿ ವೈದ್ಯರನ್ನು ಕರೆಸಿ.

ದೊಡ್ಡಿ

ಈಗ ಮೇಕೆ ಸಾಕುವುದೆಂದರೆ ನೆಲದಿಂದ ಐದಡಿ ಎತ್ತರದ ಅಟ್ಟಣಿಗೆ ಕಟ್ಟುವುದು ಎಂದಾಗಿದೆ. ಮಲೆನಾಡು, ಕರಾವಳಿಯಲ್ಲಿ ಅದು ಬೇಕೇ ಬೇಕು. ವರ್ಷಕ್ಕೆ 500–600 ಮಿ.ಮೀ. ಮಳೆ ಬೀಳುವ ಕಡೆ ಅದು ಅನಗತ್ಯ ಖರ್ಚು. ಆ ಹಣದಲ್ಲಿ ಎರಡು ವರ್ಷದ ಹೊಟ್ಟು ಬರುತ್ತದೆ. ಸುತ್ತಲಿನ ನೆಲಕ್ಕಿಂತ ಒಂದಡಿ ಎತ್ತರಿಸಿ ಮೊರಂ ಬಡಿದು, ಒಂದು ಕಡೆಗೆ ಇಳಿಜಾರು ಕೊಟ್ಟರೆ ಸಾಕು. ವಾರಕ್ಕೊಮ್ಮೆ ಗುಡಿಸಿ ಸುಣ್ಣದ ಪುಡಿ ಎರಚಿ.

ಹೆಣ್ಣಿಗೆ 12 ಚದರಡಿ, ಹೋತಕ್ಕೆ 20, ಮರಿಗೆ 4. ಹತ್ತಡಿ ಅಗಲ, ಇಪ್ಪತ್ತಡಿ ಉದ್ದದ ಕೊಟ್ಟಿಗೆಯಲ್ಲಿ ಇಷ್ಟೂ ಹಿಡಿಯುತ್ತವೆ. ಉದ್ದ ಪೂರ್ವ–ಪಶ್ಚಿಮಕ್ಕಿರಲಿ, ಮಧ್ಯಾಹ್ನದ ಬಿಸಿಲು ಒಳಗೆ ಬರುವುದಿಲ್ಲ. ಹೊರಗೆ ಇದರ ಎರಡರಷ್ಟು ಜಾಗಕ್ಕೆ ಐದಡಿ ಜಾಲರಿ ಬೇಲಿ ಹಾಕಿ. ರಾತ್ರಿ ಮಲಗುವ ಜಾಗಕ್ಕೆ ಮಾತ್ರ ಜಾಲರಿ ಸೂರಿನವರೆಗೂ ಹೋಗಬೇಕು. ಚಿರತೆ ಇಲ್ಲದ ಊರಲ್ಲೂ ಬೀದಿನಾಯಿಗಳಿರುತ್ತವೆ. ಗೋದಲಿ ಒಂದು ಮೇಕೆಗೆ ಒಂದೂಕಾಲು ಅಡಿ ಉದ್ದ, ತಲೆ ಮಾತ್ರ ತೂರುವ ಹಾಗೆ ಇರಲಿ. ಇಡೀ ಮೇಕೆ ಒಳಗೆ ಹತ್ತಿ ಕೂತರೆ ಅಂದಿನ ಮೇವು ಮುಗಿದಂತೆ. ಸೊಪ್ಪನ್ನು ಕಂತೆ ಕಟ್ಟಿ ಕಣ್ಣೆತ್ತರಕ್ಕೆ ತೂಗುಹಾಕಿ. ಬೇಸಿಗೆಯಲ್ಲಿ ಮೇಕೆಗೆ ಐದಾರು ಲೀಟರ್ ನೀರು.

ಕೊಳ್ಳುವುದು

ಇದೇ ಸೀಮೆಯ ತಳಿ ತನ್ನಿ. ಉಸ್ಮಾನಾಬಾದಿ, ನಂದಿದುರ್ಗ, ಬೀದರ್ ಕಡೆಯ ಬಿದ್ರಿ ಎಲ್ಲವೂ ಬಿಸಿಲಿಗೆ ಹೊಂದಿಕೊಂಡವು. ಬೋಯರ್, ಜಮುನಾಪಾರಿಗೆ ಮೇವೂ ಜಾಸ್ತಿ, ಆರೈಕೆಯೂ ಜಾಸ್ತಿ. ಅಮೀನಗಡದಂಥ ದೊಡ್ಡ ಸಂತೆ ಮಾರಲು ಒಳ್ಳೆಯದು. ತಾಯಿಮೇಕೆ ಕೊಳ್ಳಲು ಕುರುಬರ ಹಟ್ಟಿಗೋ ಸಾಕಿದವರ ಮನೆಗೋ ಹೋಗಿ. ಒಳ್ಳೆಯ ತಾಯಿಯನ್ನು ಯಾರೂ ಸುಮ್ಮಸುಮ್ಮನೆ ಸಂತೆಗೆ ಹೊಡೆಯುವುದಿಲ್ಲ. ಬಾಯಿ ಬಿಡಿಸಿ ಹಲ್ಲು ನೋಡಿ: ಎರಡು ಹಲ್ಲು ಎಂದರೆ ಒಂದು, ಒಂದೂವರೆ ವರ್ಷ, ನಾಲ್ಕು ಹಲ್ಲು ಎಂದರೆ ಎರಡರ ಆಸುಪಾಸು. ಕೆಚ್ಚಲ ಎರಡೂ ಮೊಲೆ ಹಿಂಡಿ ನೋಡಿ, ಕೈಗೆ ಗಂಟು ಸಿಕ್ಕರೆ ಬೇಡ. ಕೆಳರೆಪ್ಪೆ ಮಗುಚಿದರೆ ಒಳಗೆ ಕೆಂಪಿರಬೇಕು. ತಂದ ಮೇಕೆಯನ್ನು 21 ದಿನ ಬೇರೆ ಕಟ್ಟಿ, ಬೇರೆ ಬಕೆಟ್‌ನಲ್ಲಿ ನೀರಿಡಿ.

ಗಬ್ಬ ಮತ್ತು ಈಯುವ ಕಾಲ

ಮೇಕೆ 150 ದಿನಕ್ಕೆ ಈಯುತ್ತದೆ. ಹೋತವನ್ನು ವರ್ಷವಿಡೀ ಜೊತೆಗೆ ಬಿಟ್ಟರೆ ಅದು ನಿಮ್ಮ ಮೇವಿನ ಲೆಕ್ಕ ಕೇಳುವುದಿಲ್ಲ, ಅಕ್ಟೋಬರ್‌ನಲ್ಲಿ ಗಬ್ಬವಾದದ್ದು ಮಾರ್ಚ್‌ನಲ್ಲಿ ಈದು ಹಾಲಿಲ್ಲದೆ ನಿಲ್ಲುತ್ತದೆ. ಜೂನ್ ಮಧ್ಯದಿಂದ ಜುಲೈ ಕೊನೆಯವರೆಗೆ ಮಾತ್ರ ಹೋತ ಬಿಡಿ. ನವೆಂಬರ್–ಡಿಸೆಂಬರ್‌ನಲ್ಲಿ ಮರಿ. ಆಗ ಸುಗ್ಗಿಯ ಹೊಟ್ಟು ಹೊಸದು, ನೆಲ ಒಣಗಿ ಜಂತು ಕಡಿಮೆ, ಮಾರ್ಚ್ ಹೊತ್ತಿಗೆ ಮರಿ ಹಾಲು ಬಿಟ್ಟಿರುತ್ತದೆ. ಉಳಿದ ತಿಂಗಳು ಹೋತವನ್ನು ಬೇರೆ ಕಟ್ಟಿ, ಇಲ್ಲವೇ ಹಳೇ ಗೋಣಿ ತಟ್ಟನ್ನು ಹೊಟ್ಟೆಯಡಿ ಜೋಲುವಂತೆ ಕಟ್ಟಿ. ಹೋತ ಬಿಡುವ ಎರಡು ವಾರ ಮೊದಲಿನಿಂದ ಹೆಣ್ಣುಗಳಿಗೆ ದಿನಕ್ಕೆ ಕಾಲು ಕೆ.ಜಿ. ಕೈತಿಂಡಿ ಕೊಟ್ಟರೆ ಅವಳಿ ಹೆಚ್ಚು. ಬೆದೆ 18ರಿಂದ 21 ದಿನಕ್ಕೊಮ್ಮೆ ಬರುತ್ತದೆ, ಒಂದು–ಒಂದೂವರೆ ದಿನ ಇರುತ್ತದೆ. ಆರು ವಾರದಲ್ಲಿ ಎರಡು ಸಲ ಅವಕಾಶ ಸಿಕ್ಕೂ ನಿಲ್ಲದ ಮೇಕೆಯನ್ನು ಮಾರುವುದೇ ಸರಿ. ಮೊದಲ ಸಲದ ಹೆಣ್ಣು 20 ಕೆ.ಜಿ. ದಾಟಿರಬೇಕು. ಹೋತವನ್ನು ಎರಡು ವರ್ಷಕ್ಕೊಮ್ಮೆ ಬದಲಿಸದಿದ್ದರೆ ಅದು ತನ್ನ ಮಗಳ ಮೇಲೇ ಏರುತ್ತದೆ.

ಬಾಲದ ಬುಡದ ಎರಡೂ ಪಕ್ಕ ಬೆರಳಿಟ್ಟರೆ ಪೆನ್ಸಿಲ್‌ನಂಥ ಎರಡು ಬಿಗಿ ಹುರಿ ಸಿಗುತ್ತವೆ. ಅವು ಸಡಿಲಾಗಿ ಬೆರಳಿಗೆ ಸಿಗದಂತಾದರೆ ಒಂದು ದಿನದೊಳಗೆ ಈಯುತ್ತದೆ. ಒಣಹುಲ್ಲು ಹಾಸಿ ಬೇರೆ ಬಿಡಿ. ಮುಂಗಾಲೆರಡು, ಅವುಗಳ ಮೇಲೆ ಮೂತಿ ಕಂಡರೆ ಸುಮ್ಮನೆ ನಿಂತು ನೋಡಿ. ಅರ್ಧ ಗಂಟೆ ತಿಣುಕಿದರೂ ಏನೂ ಮುಂದೆ ಬರದಿದ್ದರೆ ವೈದ್ಯರಿಗೆ ಫೋನ್ ಮಾಡಿ. ಮರಿ ಬಿದ್ದ ಕೂಡಲೇ ಮೂಗು ಬಾಯಿಯ ಲೋಳೆ ಒರೆಸಿ, ತಾಯಿ ಮುಂದಿಡಿ, ನೆಕ್ಕಲಿ. ಹೊಕ್ಕುಳ ಬಳ್ಳಿ ಉದ್ದವಿದ್ದರೆ ಎರಡಂಗುಲ ಬಿಟ್ಟು ಕತ್ತರಿಸಿ, ಟಿಂಚರ್ ಅಯೋಡಿನ್‌ನಲ್ಲಿ ಅದ್ದಿ. ಇದನ್ನು ಬಿಟ್ಟರೆ ಕೀವಾಗಿ ಕೆಲವು ವಾರದಲ್ಲಿ ಮೊಣಕಾಲು ಊದುತ್ತದೆ.

ಗಿಣ್ಣುಹಾಲು ಒಂದು ಗಂಟೆಯೊಳಗೆ ಹೊಟ್ಟೆ ಸೇರಬೇಕು. ಎರಡು ಕೆ.ಜಿ. ಮರಿಗೆ ಮೊದಲ ದಿನ ಕಡಿಮೆಯೆಂದರೂ 200 ಮಿ.ಲೀ., ನಾಲ್ಕು ಸಲಕ್ಕೆ ಹಂಚಿ. ಮೊದಲು ಮೊಲೆ ಹಿಂಡಿ ತುದಿಯಲ್ಲಿ ಕಟ್ಟಿಕೊಂಡ ಬೆಣೆ ತೆಗೆಯಿರಿ. ಮರಿ ಸೊರಗಿ ಮಲಗಿದ್ದರೆ ಅದರ ಬಾಯೊಳಗೆ ಬೆರಳಿಡಿ. ಬೆರಳು ಚೀಪಿದರೆ, ಬಾಯಿ ಬೆಚ್ಚಗಿದ್ದರೆ ಹಾಲು ಕೊಡಿ. ಬಾಯಿ ತಣ್ಣಗಿದ್ದರೆ ಹಾಲು ಸುರಿಯಬೇಡಿ, ನುಂಗಲಾರದೆ ಶ್ವಾಸಕೋಶಕ್ಕೆ ಹೋಗುತ್ತದೆ. ಕಂಬಳಿ ಸುತ್ತಿ, ಬಿಸಿನೀರಿನ ಬಾಟಲಿ ಪಕ್ಕದಲ್ಲಿಟ್ಟು ಬೆಚ್ಚಗಾದ ಮೇಲೆ ಕುಡಿಸಿ. ಮಾಸು 12 ಗಂಟೆಯೊಳಗೆ ತಾನಾಗಿ ಬೀಳುತ್ತದೆ. ನೇತಾಡುತ್ತಿದೆ ಎಂದು ಕೈ ಹಾಕಿ ಎಳೆಯುವುದು, ಕಲ್ಲು ಕಟ್ಟುವುದು ಮಾಡಿದರೆ ಗರ್ಭಕೋಶ ಹರಿಯುತ್ತದೆ.

ರೋಗ

ಪಿಪಿಆರ್, ಅಂದರೆ ಹಿರೇಬೇನೆ, ಹಿಂಡಿಗೆ ಹಿಂಡನ್ನೇ ಒಯ್ಯುತ್ತದೆ: ಜ್ವರ, ಮೂಗು–ಕಣ್ಣಲ್ಲಿ ಗೊಣ್ಣೆ, ಬಾಯಿಹುಣ್ಣು, ಭೇದಿ. ನಾಲ್ಕು ತಿಂಗಳು ತುಂಬಿದ ಮರಿಗೆ ಒಂದು ಲಸಿಕೆ ಹಾಕಿಸಿದರೆ ಮೂರು ವರ್ಷ ಕಾಯುತ್ತದೆ. ಕರುಳು ಬೇನೆಯ ಲಸಿಕೆ ಮಾತ್ರ ಪ್ರತಿ ವರ್ಷ, ಮೇ ತಿಂಗಳಲ್ಲಿ. ಮೊದಲ ಸಲವಾದರೆ ಎರಡು–ಮೂರು ವಾರ ಬಿಟ್ಟು ಇನ್ನೊಂದು. ಮಳೆಗೆ ಚಿಗುರಿದ ಎಳೆ ಹುಲ್ಲು ಹೊಟ್ಟೆ ಬಿರಿಯ ತಿಂದಾಗ ಕರುಳಲ್ಲಿರುವ ಬ್ಯಾಕ್ಟೀರಿಯಾ ವಿಷ ಉಗುಳುತ್ತದೆ, ರಾತ್ರಿ ಚೆನ್ನಾಗಿದ್ದದ್ದು ಬೆಳಿಗ್ಗೆ ಸತ್ತಿರುತ್ತದೆ. ಸಾಯುವುದು ಬಡಕಲು ಮರಿಯಲ್ಲ, ಎಲ್ಲಕ್ಕಿಂತ ದಷ್ಟಪುಷ್ಟವಾದದ್ದು. ಊರವರು ದೃಷ್ಟಿಯಾಯಿತು ಅನ್ನುವುದು ಇದಕ್ಕೇ.

ಜಂತಿನ ಔಷಧಿಯನ್ನು ಕ್ಯಾಲೆಂಡರ್ ನೋಡಿ ಎಲ್ಲಕ್ಕೂ ಕುಡಿಸುವ ರೂಢಿ ಬಿಡಿ. ಜುಲೈಯಿಂದ ಅಕ್ಟೋಬರ್‌ವರೆಗೆ ಹದಿನೈದು ದಿನಕ್ಕೊಮ್ಮೆ ಕೆಳರೆಪ್ಪೆ ಮಗುಚಿ ನೋಡಿ. ಕೆಂಪಿದ್ದರೆ ಬೇಡ, ಬಿಳುಚಿದ್ದರೆ ಅಥವಾ ಗದ್ದದ ಕೆಳಗೆ ನೀರು ತುಂಬಿದ ಚೀಲದಂತೆ ಜೋತಿದ್ದರೆ ಅಂದೇ ಕೊಡಿ. ತೂಕ ಹಾಕಿ ಕೊಡಿ. ಕಣ್ಣಂದಾಜಲ್ಲಿ ಕಡಿಮೆ ಕುಡಿಸಿದರೆ ಗಟ್ಟಿ ಜಂತು ಉಳಿದುಕೊಂಡು, ಮುಂದೆ ಆ ಔಷಧಿಯೇ ನಾಟುವುದಿಲ್ಲ. ಅಲ್ಬೆಂಡಜೋಲ್ ಗಬ್ಬದ ಮೊದಲ ಒಂದೂವರೆ ತಿಂಗಳು ಬೇಡ. ಜಂತಿನ ಮರಿಗಳು ಇಬ್ಬನಿಯ ಹುಲ್ಲಿನ ತುದಿಗೆ ಹತ್ತಿರುತ್ತವೆ, ಆದ್ದರಿಂದ ಹೊತ್ತೇರಿದ ಮೇಲೆ ಮೇಯಲು ಬಿಡಿ.

ಎಡಹೊಟ್ಟೆ ತಮಟೆಯಂತೆ ಉಬ್ಬಿದರೆ 50ರಿಂದ 100 ಮಿ.ಲೀ. ಅಡುಗೆ ಎಣ್ಣೆ ಕುಡಿಸಿ ನಡೆಸಾಡಿಸಿ. ತಲೆ ಮೇಲೆತ್ತಿ ಗೊಟ್ಟದಲ್ಲಿ ಸುರಿಯಬೇಡಿ, ಮೂತಿ ನೆಲಕ್ಕೆ ಸಮವಿರಲಿ. ಸಂಚಾರಿ ಪಶು ಚಿಕಿತ್ಸಾ ವಾಹನಕ್ಕೆ 1962ಕ್ಕೆ ಕರೆ ಮಾಡಬಹುದು.

ಮಾರಾಟ, ಕೋಳಿ, ಹಸು, ಗೊಬ್ಬರ

ಹಿಂದಿನ ವರ್ಷದ ಗಂಡುಗಳನ್ನು ಮಾರಿಹಬ್ಬಕ್ಕೋ ಯುಗಾದಿಯ ಹೊಸತೊಡಕಿಗೋ ಮಾರಿಬಿಡಿ. ಆಗ ಬೆಲೆಯೂ ಇರುತ್ತದೆ, ಬೇಸಿಗೆಗೆ ಬಾಯಿಯೂ ಕಡಿಮೆಯಾಗುತ್ತದೆ. 15 ಬಾಯಿಯ ಲೆಕ್ಕ ನಿಂತಿರುವುದೇ ಇದರ ಮೇಲೆ.

ಹತ್ತು ನಾಟಿ ಹೇಂಟೆ, ಒಂದು ಹುಂಜ ಮೇಕೆಯ ದೊಡ್ಡಿಯಲ್ಲಿ ಹಗಲು ಕೆದಕಲಿ, ಉಣ್ಣೆ ಹುಳ ಆರಿಸುತ್ತವೆ. ರಾತ್ರಿ ಬೇರೆ ಗೂಡು. ಗೋದಲಿ ಮೇಲೆ ಕೂತು ಹಿಕ್ಕೆ ಹಾಕಿದರೆ ಆ ಮೇವನ್ನು ಮೇಕೆ ಮುಟ್ಟುವುದಿಲ್ಲ. ಕಾವಿಗೆ 10–12 ಮೊಟ್ಟೆ, 21 ದಿನ. ಮರಿಗೆ ಕೊಕ್ಕರೆ ರೋಗದ ಲಸೋಟ ಎಂಬ ಲಸಿಕೆಯ ಹನಿ ಒಂದು ವಾರದೊಳಗೆ ಕಣ್ಣಿಗೆ ಹಾಕಬೇಕು. ಸೀಸೆಯಲ್ಲಿ ನೂರಾರು ಕೋಳಿಗಾಗುವಷ್ಟು ಇರುತ್ತದೆ, ಕಲಸಿದ ಮೇಲೆ ಎರಡು ಗಂಟೆಯಷ್ಟೇ ಬಾಳಿಕೆ. ಅಕ್ಕಪಕ್ಕದ ನಾಲ್ಕು ಮನೆಯವರು ಒಂದೇ ದಿನ ಕಾವು ಕೂರಿಸಿ, ಫ್ಲಾಸ್ಕಿನಲ್ಲಿ ಐಸ್ ಹಾಕಿ ತಂದು ಹಂಚಿಕೊಳ್ಳುವುದೇ ದಾರಿ.

ಹಸು ಬೇಕೆ? 250 ಕೆ.ಜಿ.ಯ ಒಂದು ನಾಟಿ ಹಸು ಐದಾರು ಮೇಕೆಯಷ್ಟು ತಿನ್ನುತ್ತದೆ. ಮೇಕೆ ಬಿಟ್ಟ ದಂಟು, ರಾಗಿ ಹುಲ್ಲು ಅದಕ್ಕೆ ಒಂದಷ್ಟು ಆಸರೆ. ಹುಲ್ಲಿನ ಬಣವೆ ಇಲ್ಲದಿದ್ದರೆ ಹಸು ತರುವ ಬದಲು ಮನೆಯ ಟೀಗೆ ಮೇಕೆ ಹಾಲೇ ಆಗುತ್ತದೆ.

15 ಬಾಯಿಯಿಂದ ವರ್ಷಕ್ಕೆ ಎರಡೂವರೆ ಟನ್ನಿಗೆ ಕಡಿಮೆಯಿಲ್ಲದಷ್ಟು ಹಿಕ್ಕೆ ಬರುತ್ತದೆ. ಒಣ ಹಿಕ್ಕೆ ಗುಂಡಿಯಲ್ಲಿ ವರ್ಷವಾದರೂ ಕಾಳಿನಂತೆ ಹಾಗೇ ಇರುತ್ತದೆ. ಉಳಿದ ದಂಟು, ಕಸದ ಜೊತೆ ಪದರ ಹಾಕಿ, ಸಗಣಿ ಬಗ್ಗಡ ಚಿಮುಕಿಸಿ, ಹಿಡಿದರೆ ಉಂಡೆಯಾಗುವಷ್ಟು ತೇವ ಇಟ್ಟರೆ ನಾಲ್ಕೈದು ತಿಂಗಳಲ್ಲಿ ಕಳಿಯುತ್ತದೆ. ಮೇ ಕೊನೆಯಲ್ಲಿ ಇದರ ಮೊದಲ ಗಾಡಿ ಹೋಗಬೇಕಾದ್ದು ಬೇಲಿಯ ಸಾಲಿಗೆ. ಸೊಪ್ಪು ಕಡಿದು ಹೊತ್ತೊಯ್ದಷ್ಟೂ ಅಲ್ಲಿನ ಮಣ್ಣು ಬಡವಾಗುತ್ತದೆ. ರಾಗಿ ಹೊಲಕ್ಕೆ ಉಳಿದದ್ದು.